ಕೊಟ್ಟ ಮೇಲೆ ಹೊಣೆ ಮುಗಿಯಿತೇ?



ಪ್ರತಿವರ್ಷ ಈ ಸ್ಮರಣ ಸಂಚಿಕೆಯಲ್ಲಿ ತೀರ್ಥಕ್ಷೇತ್ರಗಳ ಮಹಿಮೆ, ವ್ರತವಿಧಾನ, ಆಚಾರ್ಯಪರಂಪರೆ ಮೊದಲಾದ ಘನವಾದ ವಿಷಯಗಳ ಮೇಲೆ ವಿದ್ವಾಂಸರು ಲೇಖನಗಳನ್ನು ಬರೆಯುತ್ತ ಬಂದಿದ್ದಾರೆ. ನಾನು ವಿದ್ವಾಂಸನಲ್ಲ. ಜತ್ತ ಭಾಗದಲ್ಲಿ ಜೋಳ-ಕಡಲೆಯ ಅಡತಿ ಅಂಗಡಿಯಲ್ಲಿ ಆಯುಷ್ಯ ಕಳೆದವನು. ಸ್ವಾಧ್ಯಾಯವೆಂದರೆ ಸಂಜೆ ಬಸದಿಯಲ್ಲಿ ಹಿರಿಯರು ಓದಿ ಹೇಳಿದ್ದನ್ನು ಕೇಳಿದಷ್ಟೇ. ಆದರೂ ಸಂಪಾದಕ ಮಂಡಳಿಯವರು ಒತ್ತಾಯಿಸಿದ್ದರಿಂದ, ಕಳೆದೊಂದು ವರ್ಷದಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ತಮ್ಮೆಲ್ಲರ ಮುಂದಿಡಲು ಧೈರ್ಯ ಮಾಡಿದ್ದೇನೆ. ವಿಷಯ ನಾಯಿಮರಿಗಳದು. "ಬಸದಿಯ ಸಂಚಿಕೆಯಲ್ಲಿ ನಾಯಿಮರಿಯೇ?" ಎಂದು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ; ಪೂರ್ತಿ ಓದಿದ ಬಳಿಕ ನಗಬೇಕೆಂದಷ್ಟೇ ವಿನಂತಿ.

ಕಳೆದ ಮಳೆಗಾಲದ ಒಂದು ಮುಂಜಾನೆ ನಮ್ಮ ಬಸದಿಯ ಮಹಾದ್ವಾರದ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯೊಂದು ಕಂಡಿತು. ಕಾವಲುಗಾರನು ತೆರೆದು ನೋಡಿದರೆ ಒಳಗೆ ಮೂರು ನಾಯಿಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ಕುಂಯ್‌ಗುಟ್ಟುತ್ತಿದ್ದವು. ನಾಯಿಮರಿ ಹುಟ್ಟಿದ 10ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತದೆ. ಇವು ಕಣ್ಣು ತೆರೆದು ನಾಲ್ಕೈದು ದಿನವಾಗಿದ್ದೀತು. ಅಂದರೆ ಮೂರು ವಾರವೂ ತುಂಬದ, ತಾಯಿಯ ಹಾಲಿನ ಹೊರತು ಬೇರೇನೂ ಅರಿಯದ ಜೀವಗಳು. ಅಭಿಷೇಕಕ್ಕೆ ಬಂದವರೆಲ್ಲ ಸುತ್ತ ನೆರೆದರು. "ಜೈನರು ಕೊಲ್ಲುವುದಿಲ್ಲ, ಹಸಿವಿನಿಂದ ಸಾಯಲೂ ಬಿಡುವುದಿಲ್ಲ ಎಂದು ತಿಳಿದೇ ಯಾರೋ ಇಲ್ಲಿಟ್ಟು ಹೋಗಿದ್ದಾರೆ" ಎಂದು ಒಬ್ಬರು ಹೇಳಿದರು. "ಎಂಥ ನಿರ್ದಯಿಗಳು!" ಎಂದು ಇನ್ನೊಬ್ಬರು ಉದ್ಗರಿಸಿದರು. ನಾನೂ ಆ ಮಾತಿಗೆ ತಲೆದೂಗಿದೆ. ಆದರೆ ಪೆಟ್ಟಿಗೆಯನ್ನು ನೆರಳಿಗೆ ಒಯ್ಯಲು ಎತ್ತಿದಾಗ ಅದರ ಮೇಲಿದ್ದ ಗುರುತು ನಮ್ಮದೇ ಪೇಟೆಯದಾಗಿತ್ತು. ಖಾಲಿ ಪೆಟ್ಟಿಗೆ ಯಾರ ಕೈಗಾದರೂ ಸಿಗುತ್ತದೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಆ ಕ್ಷಣದಲ್ಲಿ ನನ್ನದೇ ಹಳೆಯ ಸಂಗತಿಯೊಂದು ನೆನಪಾಗಿ ನಾಲಿಗೆ ಕಟ್ಟಿತು. ಅದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಸುಮಾರು 1994ರ ಮಾತು. ಗೋದಾಮಿನ ಕಾವಲಿಗೆಂದು ಪರಿಚಯದ ರೈತರೊಬ್ಬರು ನನಗೆ ಒಂದು ಹೆಣ್ಣು ಕಾರವಾನ ಮರಿಯನ್ನು ಕೊಟ್ಟಿದ್ದರು. ನಮ್ಮ ಭಾಗದಲ್ಲಿ ಕಾರವಾನ ಎಂದೂ, ಗಡಿಯಾಚೆ ಮುಧೋಳ ನಾಯಿ ಎಂದೂ ಕರೆಯುವ ಉದ್ದ ಕಾಲಿನ, ಸಣ್ಣ ನಡುವಿನ ಬೇಟೆ ನಾಯಿಯನ್ನು ತಾವೆಲ್ಲರೂ ನೋಡಿದ್ದೀರಿ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನೂ ಹೊರಡಿಸಿತು. ನಮ್ಮ ಆ ನಾಯಿಗೆ ಮನೆಯವರು ರಾಣಿ ಎಂದು ಹೆಸರಿಟ್ಟಿದ್ದರು. ಎರಡನೆಯ ವರ್ಷ ರಾಣಿ ಐದು ಮರಿ ಹಾಕಿತು. ಗೋದಾಮಿನಲ್ಲಿ ಚೀಲಗಳ ನಡುವೆ ಅವು ಓಡಾಡಲಾರಂಭಿಸಿದಾಗ ಹಮಾಲರಿಗೆ ತೊಂದರೆಯಾಯಿತು. ನಾನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟೆ. ಒಂದು ವಾರದಲ್ಲಿ ಐದೂ ಹೋದವು. ಒಂದು ಪೈಸೆಯನ್ನೂ ಮುಟ್ಟಲಿಲ್ಲ. ದಾನ ಮಾಡಿದೆನೆಂಬ ಸಮಾಧಾನವೂ ಮನಸ್ಸಿನಲ್ಲಿತ್ತು.

ಮುಂದೆ ಎರಡು ವರ್ಷದ ಬಳಿಕ ಉದ್ರಿ ವಸೂಲಿಗೆಂದು ಒಂದು ಹಳ್ಳಿಗೆ ಹೋಗಿದ್ದೆ. ಊರ ಹೊರಗೆ ನಾಲ್ಕೈದು ಜನ ಬೇಟೆ ಮುಗಿಸಿ ಬರುತ್ತಿದ್ದರು. ಕೋಲಿಗೆ ಮೂರು ಮೊಲ ಕಟ್ಟಿ ತೂಗುಹಾಕಿದ್ದರು. ಜೊತೆಯಲ್ಲಿದ್ದ ನಾಯಿಗಳಲ್ಲಿ ಒಂದು ನನ್ನ ಕಡೆ ಓಡಿಬಂತು. ಎದೆಯ ಮೇಲಿನ ಬಿಳಿಯ ಮಚ್ಚೆಯಿಂದ ಗುರುತು ಹಿಡಿದೆ. ಅದು ರಾಣಿಯ ಮರಿ. ಅದು ನನ್ನ ಕೈಯನ್ನು ನೆಕ್ಕಿತು. ಅದರ ಬಾಯಿಯ ರಕ್ತ ನನ್ನ ಅಂಗೈಗೆ ಹತ್ತಿತು. ಆ ಕೈಯನ್ನು ಹಳ್ಳದ ನೀರಿನಲ್ಲಿ ಎಷ್ಟು ಸಲ ತೊಳೆದೆನೋ ನೆನಪಿಲ್ಲ. ಊರಿಗೆ ಬಂದು ಉಳಿದವುಗಳ ವಿಚಾರ ಮಾಡಿದೆ. ಇನ್ನೊಂದನ್ನು ಒಯ್ದವರು ಹೊಲದಲ್ಲಿ ಸರಪಳಿಗೆ ಕಟ್ಟಿ, ಲಗ್ನಕ್ಕೆಂದು ಪರ ಊರಿಗೆ ಹೋಗಿ, ಮರಳಿ ಬರುವಷ್ಟರಲ್ಲಿ ಬೇಸಿಗೆಯ ಬಿಸಿಲಿಗೆ ನೀರಿಲ್ಲದೆ ಅದು ಸತ್ತಿತ್ತು. ಉಳಿದ ಮೂರರ ಪತ್ತೆಯೇ ಹತ್ತಲಿಲ್ಲ. ಒಂದು ಪಾವು ಕಡಲೆಯ ಲೆಕ್ಕ ತಪ್ಪಿದರೂ ರಾತ್ರಿ ಎದ್ದು ಕಿರ್ದಿ ತೆಗೆದು ನೋಡುವ ನನ್ನಲ್ಲಿ, ಐದು ಜೀವಗಳ ಲೆಕ್ಕ ಇರಲಿಲ್ಲ.

ನಾನು ಯಾವ ಮೊಲವನ್ನೂ ಕೊಲ್ಲಲಿಲ್ಲ. ಯಾವ ನಾಯಿಯ ಬಾಯಿಂದ ನೀರನ್ನೂ ಕಸಿಯಲಿಲ್ಲ. ಹಾಗಿದ್ದರೆ ದೋಷ ನನಗೆ ತಗಲುವುದೇ? ಪೇಟೆಯ ನ್ಯಾಯದಂತೆ ಮಾಲು ಕೈ ಬಿಟ್ಟ ಮೇಲೆ ಕೊಟ್ಟವನ ಹೊಣೆ ಮುಗಿಯಿತು. ಧರ್ಮದ ನ್ಯಾಯದಲ್ಲಿಯೂ ಹಾಗೆಯೇ ಇದೆಯೇ? ಇದೇ ನನ್ನ ಪ್ರಶ್ನೆ.

ಶಾಸ್ತ್ರದ ಮಾತಿನಿಂದಲೇ ಪ್ರಾರಂಭಿಸೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಮುಂಚೆ ಪ್ರಮತ್ತಯೋಗವನ್ನು ಇಟ್ಟಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ಎಚ್ಚರದಿಂದ ಹೆಜ್ಜೆಯಿಟ್ಟು ನಡೆಯುವ ಮುನಿಯ ಕಾಲಿಗೆ ಅಕಸ್ಮಾತ್ತಾಗಿ ಕ್ರಿಮಿ ಸಿಕ್ಕರೆ ಅದು ಹಿಂಸೆಯ ಬಂಧವಾಗುವುದಿಲ್ಲವೆಂದೂ, ಎಚ್ಚರವಿಲ್ಲದೆ ನಡೆದವನಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ತಪ್ಪದೆಂದೂ ನಮ್ಮ ಆಚಾರ್ಯರು ವಿವರಿಸಿದ್ದಾರೆ. ಈ ಅಳತೆಗೋಲನ್ನು ಹಿಡಿದು ನೋಡಿದರೆ, ನನ್ನ ದೋಷ ಮೊಲ ಸತ್ತ ದಿನ ಹುಟ್ಟಿದ್ದಲ್ಲ. "ಒಯ್ಯುವವನು ಯಾರು, ಎಲ್ಲಿಗೆ, ಯಾವ ಕೆಲಸಕ್ಕೆ?" ಎಂದು ಒಂದು ಮಾತು ಕೇಳದೆ ಮರಿಯನ್ನು ಎತ್ತಿ ಕೊಟ್ಟ ದಿನವೇ ಅದು ಹುಟ್ಟಿತ್ತು. ಇನ್ನೂ ಹಿಂದಕ್ಕೆ ಹೋದರೆ, ಮರಿಗಳಿಗೆ ನೆಲೆ ಎಲ್ಲಿ ಎಂದು ಯೋಚಿಸದೆ ರಾಣಿಗೆ ಮರಿಯಾಗಲು ಬಿಟ್ಟ ದಿನವೇ ಹುಟ್ಟಿತ್ತು.

ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳಿವೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸೆಗೆ ಸಾಧನವಾಗುವ ಕತ್ತಿ, ಗುದ್ದಲಿ, ಬೆಂಕಿ ಮುಂತಾದವನ್ನು ಕೊಡುವುದು ಹಿಂಸಾದಾನ. ಸ್ವಾಮಿಕುಮಾರರ ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಆಯುಧ ಮಾರುವುದರ ಜೊತೆಯಲ್ಲಿಯೇ ಎಣಿಸಲಾಗಿದೆ. ಬೇಟೆಗಾರನ ಕೈಗೆ ಬೇಟೆ ನಾಯಿಯ ಮರಿಯನ್ನು ಕೊಟ್ಟವನು ಕತ್ತಿಯನ್ನೇ ಕೊಟ್ಟಂತಾಯಿತು. ಆದರೆ ಕತ್ತಿಗೂ ನಾಯಿಗೂ ಒಂದು ದೊಡ್ಡ ಅಂತರವಿದೆ. ಕತ್ತಿಗೆ ನೋವಿಲ್ಲ. ನಾಯಿ ಸಂಜ್ಞಿ ಪಂಚೇಂದ್ರಿಯ ಜೀವ. ಅದಕ್ಕೆ ಐದು ಇಂದ್ರಿಯಗಳೂ ಇವೆ, ಮನಸ್ಸೂ ಇದೆ. ಅದು ಹಿಂಸೆಯ ಸಾಧನವೂ ಆಗುತ್ತದೆ, ಹಿಂಸೆಗೆ ಒಳಗಾಗುವ ಜೀವವೂ ಆಗುತ್ತದೆ. ಆದ್ದರಿಂದ ಕೊಡುವವನ ಹೊಣೆ ಇಮ್ಮಡಿ.

ನಾಯಿಯನ್ನು ಕೀಳೆಂದು ತಳ್ಳಿಹಾಕುವ ಪದ್ಧತಿ ನಮ್ಮ ಧರ್ಮದಲ್ಲಿಲ್ಲ. ಧರ್ಮದ ಬಲದಿಂದ ನಾಯಿ ದೇವನಾಗಬಲ್ಲದು, ಪಾಪದಿಂದ ದೇವನು ನಾಯಿಯಾಗಬಲ್ಲನು ಎಂಬ ಅಭಿಪ್ರಾಯವನ್ನು ಸಮಂತಭದ್ರರೇ ಹೇಳಿದ್ದಾರೆ. ಅದಕ್ಕೆ ದೃಷ್ಟಾಂತವೆಂಬಂತೆ ಜೀವಂಧರಕುಮಾರನ ಕಥೆಯಿದೆ. ಹೊಡೆತಕ್ಕೆ ಸಿಕ್ಕಿ ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಹೇಳಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಜೀವನಪರ್ಯಂತ ಅವನಿಗೆ ನೆರವಾಯಿತು. ಈ ಕಥೆಯನ್ನು ಕನ್ನಡದಲ್ಲಿ ಹಾಡಿದ ಭಾಸ್ಕರಕವಿ ತನ್ನ ಜೀವಂಧರ ಚರಿತೆಯನ್ನು 1424ರಲ್ಲಿ ಪೆನುಗೊಂಡೆಯ ಬಸದಿಯಲ್ಲಿ ಮುಗಿಸಿದನು. ಪೆನುಗೊಂಡೆ ಇಂದು ಆಂಧ್ರಪ್ರದೇಶದಲ್ಲಿದೆ. ನಾವು ಗಡಿಯ ಈಚೆಗೆ ಮಹಾರಾಷ್ಟ್ರದಲ್ಲಿದ್ದೇವೆ. ನಮ್ಮಲ್ಲಿ ಕನ್ನಡದ ಮನೆಗಳಿವೆ, ಮರಾಠಿಯ ಮನೆಗಳಿವೆ, ಗುಜರಾತಿ-ಮಾರವಾಡಿ ಮನೆಗಳೂ ಇವೆ. ಮಾತು ಬೇರೆಯಾದರೂ ಆ ನಾಯಿಯ ಕಿವಿಗೆ ಬಿದ್ದ ಮಂತ್ರ ನಮ್ಮೆಲ್ಲರಿಗೂ ಒಂದೇ.

ಹಳೆಯ ಮಾತು ಸಾಕು, ಇಂದಿನ ಕಾಲಕ್ಕೆ ಬರೋಣ. ಎರಡು ವರ್ಷದ ಹಿಂದೆ ನಮ್ಮ ಸಮಾಜದ ತರುಣನೊಬ್ಬ ಅಂಗಡಿಗೆ ಬಂದು, "ಕಾಕಾ, ಎರಡು ಹೆಣ್ಣು, ಒಂದು ಗಂಡು ಲ್ಯಾಬ್ರಡಾರ್ ತಂದ್ರ ಸಾಕು. ವರ್ಷಕ್ಕ ಎರಡು ಸಲ ಮರಿ. ಸಾಂಗಲಿ, ಸೋಲಾಪುರ, ಪುಣೆಯೊಳಗ ಒಂದೊಂದು ಮರಿಗೆ ಸಾವಿರಾರು ರೂಪಾಯಿ. ಕೊಲ್ಲೂದಿಲ್ಲ, ಕಡಿಯೂದಿಲ್ಲ, ಅಹಿಂಸಾದ ಧಂದೆ. ಸ್ವಲ್ಪ ಬಂಡವಾಳ ಕೊಡ್ರಿ" ಎಂದು ಕೇಳಿದ. "ತಮ್ಮಾ, ಮಾರಿದ ಮರಿ ಮುಂದ ಎಲ್ಲಿ ಹೋಗ್ತಾವು?" ಎಂದು ಕೇಳಿದೆ. "ಅದು ತಗೊಂಡವರ ಪ್ರಶ್ನೆ ಕಾಕಾ" ಎಂದ. ಮೂವತ್ತು ವರ್ಷದ ಹಿಂದೆ ನಾನು ಬಾಯಿಬಿಟ್ಟು ಆಡದಿದ್ದರೂ ಮಾಡಿ ತೋರಿಸಿದ್ದ ಮಾತು ಅದೇ. ಆದ್ದರಿಂದ ಅವನನ್ನು ಬೈಯುವ ಅಧಿಕಾರ ನನಗಿರಲಿಲ್ಲ. ಬಂಡವಾಳ ಕೊಡಲಿಲ್ಲ, ಕಾರಣವನ್ನು ಆಗ ಸರಿಯಾಗಿ ಹೇಳಲೂ ಬರಲಿಲ್ಲ. ಈಗ ಹೇಳುತ್ತೇನೆ.

ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ಕರ್ಮಗಳಲ್ಲಿ ಅಸತೀಪೋಷಣವೂ ಒಂದು. ದಿಗಂಬರರಲ್ಲಿ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ, ಶ್ವೇತಾಂಬರರಲ್ಲಿ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಅದು ಬಂದಿದೆ. ಹೇಮಚಂದ್ರಾಚಾರ್ಯರು ಅದನ್ನು ವಿವರಿಸುವಾಗ ಗಿಳಿ, ಬೆಕ್ಕು, ಕೋಳಿ, ನವಿಲುಗಳ ಜೊತೆಗೆ ನಾಯಿಯನ್ನೂ ಹೆಸರಿಸಿ, ಹಣಕ್ಕಾಗಿ ಅವುಗಳನ್ನು ಸಾಕುವುದು ದೋಷವೆಂದಿದ್ದಾರೆ. ಹಣಕ್ಕಾಗಿ ಎಂಬ ಆ ಮಾತನ್ನು ಗಮನಿಸಬೇಕು. ಬಾಗಿಲಿಗೆ ಬಂದ ನಾಯಿಗೆ ರೊಟ್ಟಿ ಹಾಕಿ ಸಾಕುವುದನ್ನು ಅವರು ಅಲ್ಲಿ ಹೇಳುತ್ತಿಲ್ಲ. ರತ್ನಕರಂಡಕದಲ್ಲಿಯಂತೂ ಪ್ರಾಣಿಗಳಿಗೆ ಕ್ಲೇಶವಾಗುವ ವ್ಯಾಪಾರದ ಸಲಹೆಯನ್ನು ಬಾಯಲ್ಲಿ ಆಡುವುದೇ ಪಾಪೋಪದೇಶ. "ಮರಿ ಮಾಡಿ ಮಾರು, ಲಾಭವಿದೆ" ಎಂದು ಕಟ್ಟೆಯ ಮೇಲೆ ಕುಳಿತು ಹೇಳುವವನೂ ಅದರಲ್ಲಿ ಪಾಲುದಾರ.

ಇಲ್ಲಿ ಕ್ಲೇಶವೆಲ್ಲಿದೆ ಎಂದು ಕೇಳುವವರಿಗೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನೇ ನೆನಪಿಸುತ್ತೇನೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ಎತ್ತು-ಕುದುರೆಗಳ ಕಾಲದಲ್ಲಿ ಹೇಳಿದ್ದೆಂದು ನಾವು ತಿಳಿದಿದ್ದೇವೆ. ನಾಯಿಮರಿಗಳ ಧಂದೆಗೆ ಹಚ್ಚಿ ನೋಡಿರಿ. ಮರಿ ಹಾಕುವುದಕ್ಕೆಂದೇ ಇಟ್ಟ ತಾಯಿನಾಯಿಯನ್ನು ಹಗಲಿರುಳು ಪಂಜರದಲ್ಲಿಡುವುದು ಬಂಧ. ಅಂಜಿಸಿ ಹೊಡೆದು ಪಳಗಿಸುವುದು ವಧ. ಅಂದಕ್ಕಾಗಿ ಕಿವಿ ಕತ್ತರಿಸಿ ಬಾಲ ಮೊಟಕುಗೊಳಿಸುವುದು ಛೇದ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಸುಮಾರು 63 ದಿನ ಗರ್ಭ ಧರಿಸುತ್ತದೆ. ಪ್ರತಿ ಬೆದೆಗೂ ಬಿಡುವಿಲ್ಲದೆ ಮರಿ ಹಾಕಿಸುವುದು ಅತಿಭಾರ. ಪಗ್ ಎಂಬ ಚಪ್ಪಟೆ ಮುಖದ ನಾಯಿ ಉಸಿರಾಟಕ್ಕೆ ಒದ್ದಾಡುವುದನ್ನು ನೋಡಿರಬಹುದು. ನೋಡುವವರ ಮೋಜಿಗಾಗಿ ಮೂಗು ಗಿಡ್ಡವಾದವುಗಳನ್ನೇ ಆರಿಸಿ ಕೂಡಿಸುತ್ತ ಬಂದದ್ದರ ಫಲವದು. ಹುಟ್ಟಿನಿಂದ ಸಾವಿನವರೆಗೆ ಆ ಭಾರವನ್ನು ಅದು ಹೊರಬೇಕು. ಇನ್ನು ಎಳೆಯ ಮರಿಯ ಬೆಲೆ ಹೆಚ್ಚೆಂದು ನಾಲ್ಕನೆಯ ವಾರದಲ್ಲಿಯೇ ತಾಯಿಯಿಂದ ಕಿತ್ತು ಮಾರುವುದು ಅನ್ನಪಾನನಿರೋಧ. ಹಾಲು ತಪ್ಪುವುದಷ್ಟೇ ಅಲ್ಲ. ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುತ್ತ ಕಚ್ಚುವ ಹದವನ್ನು ಕಲಿಯುವ ವಾರಗಳು ಅವು. ಅದನ್ನು ಕಲಿಯದ ಮರಿ ಅಂಜುಬುರುಕಾಗಿ ಬೆಳೆದು, ಮುಂದೆ ಮಗುವನ್ನು ಕಚ್ಚಿ, "ಕೆಟ್ಟ ನಾಯಿ" ಎಂಬ ಹೆಸರು ಹೊತ್ತು ಬೀದಿಗೆ ಬೀಳುತ್ತದೆ.

ಸರಕಾರವೂ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯದೆಯಂತೆ, ಹಸಿವು-ನೀರಡಿಕೆಯಿಂದ ಬಳಲುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದು ಅಪರಾಧ. ಅದೇ ಕಾಯದೆಯ ಅಡಿಯಲ್ಲಿ ನಾಯಿಗಳ ಸಂತಾನ ಬೆಳೆಸುವುದು ಮತ್ತು ಮಾರುವುದರ ಬಗ್ಗೆ 2017ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಧಂದೆ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು, 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು, ಜೀವಮಾನದಲ್ಲಿ 5 ಸಲಕ್ಕಿಂತ ಹೆಚ್ಚು ಮರಿ ಹಾಕಿಸಬಾರದು, ದಾಖಲೆ ಇಡಬೇಕು. ಆದರೆ ಕಾಯದೆ ಕೆಳಗಿನ ಮಿತಿಯನ್ನು ಹೇಳುತ್ತದೆ. ವ್ರತವು ಅದಕ್ಕಿಂತ ಮೇಲಿನದನ್ನು ಬಯಸುತ್ತದೆ. ನಿಯಮದಂತೆ 8 ವಾರ ತುಂಬಿದ ಮರಿಯನ್ನು ರಶೀದಿಯೊಂದಿಗೆ ಕಟುಕ ಹೃದಯದವನಿಗೆ ಮಾರಿದರೆ ಕಾಯದೆಗೆ ತೃಪ್ತಿಯಾದೀತು, ವ್ರತಕ್ಕೆ ಆಗದು.

ವ್ಯಾಪಾರಿ ಬಂಧುಗಳಿಗೆ ನಮ್ಮ ಭಾಷೆಯಲ್ಲಿಯೇ ಒಂದು ಮಾತು. ಅಪರಿಚಿತನೊಬ್ಬ ಬಂದು ಐದು ಸಾವಿರ ರೂಪಾಯಿಯ ಮಾಲನ್ನು ಉದ್ರಿ ಕೇಳಿದರೆ ನಾವು ಏನೇನು ವಿಚಾರಿಸುತ್ತೇವೆ! ಯಾವ ಊರು, ಯಾರ ಮಗ, ಹೊಲ ಎಷ್ಟು, ಹಿಂದೆ ಯಾರ ಅಂಗಡಿಯಲ್ಲಿ ವ್ಯವಹಾರ ಮಾಡಿದ್ದ, ಜಾಮೀನು ಯಾರು ಎಂದೆಲ್ಲ ತಿಳಿದ ಮೇಲೆ ಖಾತೆ ತೆರೆಯುತ್ತೇವೆ. ತಿಂಗಳಾದ ಮೇಲೆ ಹೋಗಿ ನೋಡಿಕೊಂಡು ಬರುತ್ತೇವೆ. ಏಕೆಂದರೆ ಮಾಲು ಅವನ ಮನೆಯಲ್ಲಿದ್ದರೂ ಅದರಲ್ಲಿ ನಮ್ಮ ಜೀವ ಇರುತ್ತದೆ. ಹತ್ತು-ಹನ್ನೆರಡು ವರ್ಷ ಬದುಕಬೇಕಾದ ಒಂದು ಜೀವವನ್ನು ಕೊಡುವಾಗ ಮಾತ್ರ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಹಣದ ವಿಷಯದಲ್ಲಿ ಇಷ್ಟು ಎಚ್ಚರ ಉಳ್ಳವರು ಜೀವದ ವಿಷಯದಲ್ಲಿ ತಿಳಿಯದೆ ತಪ್ಪಿದೆವು ಎಂದರೆ ಯಾರು ನಂಬಬೇಕು?

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಅವುಗಳಲ್ಲಿ ಮೂರನ್ನು ತೆಗೆದುಕೊಳ್ಳುತ್ತೇನೆ.

ಮೊದಲನೆಯದು: "ಮರಿಯ ಸುಖದುಃಖ ಅದರದೇ ಕರ್ಮದ ಫಲ. ನಾವು ನಿಮಿತ್ತ ಮಾತ್ರ." ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಅದರ ಕರ್ಮ ಅದಕ್ಕೆ. ನಿಮಿತ್ತನಾದವನ ಭಾವಕ್ಕೆ ತಕ್ಕ ಕರ್ಮ ನಿಮಿತ್ತನಿಗೆ. ಹಾಗಿಲ್ಲದಿದ್ದರೆ ಕಟುಕನೂ ಇದೇ ಮಾತನ್ನು ಆಡಿ ಪಾರಾಗುತ್ತಿದ್ದ. ಕೃತ, ಕಾರಿತ, ಅನುಮೋದನೆ ಎಂದು ಮೂರು ಬಾಗಿಲುಗಳಿಂದ ಆಸ್ರವವಾಗುತ್ತದೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಜನ್ನಕವಿ 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ನೆನೆಯಿರಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದಿಂದ ಯಶೋಧರನು ನವಿಲಾಗಿಯೂ, ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟುತ್ತಾರೆ. ಎರಡೂ ಕಾಣಿಕೆಯಾಗಿ ಯಶೋಮತಿ ರಾಜನ ಅರಮನೆಗೆ ಸೇರುತ್ತವೆ. ಯಶೋಮತಿ ಯಶೋಧರನ ಮಗ, ಚಂದ್ರಮತಿಯ ಮೊಮ್ಮಗ. ಅಲ್ಲಿ ನಾಯಿ ನವಿಲನ್ನು ಕೊಲ್ಲುತ್ತದೆ. ರಾಜನು ನಾಯಿಯನ್ನು ಕೊಲ್ಲುತ್ತಾನೆ. ತಾಯಿ ಮಗನನ್ನು ಕೊಂದಳು, ಮೊಮ್ಮಗ ಅಜ್ಜಿಯನ್ನು ಕೊಂದ. ಈ ಕಥೆಯನ್ನು ಕೇಳುವಾಗಲೆಲ್ಲ ಈಗ ನನಗೆ ಕಾಣಿಕೆ ಕೊಟ್ಟವರ ನೆನಪಾಗುತ್ತದೆ. ಅರಮನೆ ಸೇರಿತಲ್ಲ, ಇನ್ನೇನು ಬೇಕು ಎಂದು ಅವರೂ ಸಮಾಧಾನಪಟ್ಟಿರಬೇಕು.

ಎರಡನೆಯದು: "ನಮ್ಮಂಥವರು ಬಿಟ್ಟುಬಿಟ್ಟರೆ ಒಳ್ಳೆಯ ತಳಿಗಳು ಉಳಿಯುವುದು ಹೇಗೆ?" ಈ ಮಾತಿನಲ್ಲಿ ಸಾರವಿದೆ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಕೇಂದ್ರವೊಂದನ್ನು ತೆರೆದು ಈ ನಾಯಿಯ ತಳಿಯನ್ನು ಕಾಪಾಡುತ್ತಿದ್ದಾರೆ. 2016ರಲ್ಲಿ ಅಲ್ಲಿಯ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೂ ಹೋದವು. ಹೊಲದ ಕಾವಲಿಗೆ, ಕುರಿಹಿಂಡಿನ ಕಾವಲಿಗೆ ನಾಯಿ ಬೇಕಾಗುವ ರೈತರೂ ಇದ್ದಾರೆ. ಆದರೆ ನಮ್ಮ ಧರ್ಮದ ದೃಷ್ಟಿಯಲ್ಲಿ ತಳಿ ಎಂಬುದು ನೋಯುವುದಿಲ್ಲ, ಹಸಿಯುವುದಿಲ್ಲ. ನೋಯುವುದು, ಹಸಿಯುವುದು ಒಂದೊಂದು ಮರಿ. ತಳಿ ಉಳಿಸುವೆನೆಂಬವನು ಮೊದಲು ಮರಿಯ ಲೆಕ್ಕ ಒಪ್ಪಿಸಲಿ. ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯಂತೆ ಅಪರಾಧವಾಗಿದ್ದರೂ ಹಳ್ಳಿಗಳಲ್ಲಿ ಈ ನಾಯಿಯನ್ನು ಯಾವ ಆಸೆಯಿಂದ ಕೇಳುತ್ತಾರೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಮೂರನೆಯದು ಕಠಿಣವಾದದ್ದು: "ಮರಿ ಆಗಬಾರದೆಂದರೆ ಶಸ್ತ್ರಕ್ರಿಯೆ ಮಾಡಿಸಬೇಕು. ಹದಿನೈದು ಕರ್ಮಗಳಲ್ಲಿ ನಿರ್ಲಾಂಛನವೂ ನಿಷಿದ್ಧವಲ್ಲವೇ?" ನಿಜ. ಪ್ರಾಣಿಯ ಅಂಗವನ್ನು ಛೇದಿಸುವ, ಬೀಜ ಒಡೆಯುವ ವೃತ್ತಿಯನ್ನು ಅಲ್ಲಿ ಕ್ರೂರಕರ್ಮವೆಂದಿದ್ದಾರೆ. ಈ ಪ್ರಶ್ನೆಯನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುವಿದೆ. ಎತ್ತನ್ನು ನಮ್ಮ ನೊಗಕ್ಕೆ ಬಗ್ಗಿಸಲು ಅದಕ್ಕೆ ಅಸಹ್ಯ ವೇದನೆ ಕೊಟ್ಟು ಅದರಿಂದ ಹೊಟ್ಟೆ ಹೊರೆಯುವುದಕ್ಕೂ, ಹುಟ್ಟಿ ಬೀದಿಯಲ್ಲಿ ಸಾಯಬೇಕಾದ ಮರಿಗಳನ್ನು ತಪ್ಪಿಸಲು ಪಶುವೈದ್ಯರಿಂದ ಅರಿವಳಿಕೆ ಕೊಡಿಸಿ ಮಾಡಿಸುವುದಕ್ಕೂ ಭಾವದಲ್ಲಿ ಅಂತರವಿದೆ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಆದರೂ ಅದು ಪೂರ್ತಿ ನಿರ್ದೋಷವೆಂದು ಹೇಳುವ ಧೈರ್ಯ ನನಗಿಲ್ಲ. ಎರಡು ದೋಷಗಳಲ್ಲಿ ಅಲ್ಪವಾದದ್ದು ಎನ್ನಬಲ್ಲೆ. ಯಾರ ಮನಸ್ಸು ಅದಕ್ಕೆ ಒಪ್ಪದೋ ಅವರಿಗೆ ಇನ್ನೊಂದು ದಾರಿಯಿದೆ: ವರ್ಷಕ್ಕೆ ಎರಡು ಸಲ, ಸುಮಾರು ಮೂರು ವಾರ, ಬೆದೆಯ ಕಾಲದಲ್ಲಿ ಹೆಣ್ಣುನಾಯಿಯನ್ನು ಒಳಗಿಟ್ಟು ಕಾಯುವುದು. ಅದಕ್ಕೆ ಕತ್ತಿ ಬೇಡ, ಎಚ್ಚರ ಬೇಕು. ಶಸ್ತ್ರಕ್ರಿಯೆಯನ್ನೂ ಮಾಡಿಸದೆ, ಎಚ್ಚರವನ್ನೂ ವಹಿಸದೆ, ಹುಟ್ಟಿದ ಮರಿಗಳನ್ನು ಬಸದಿಯ ಬಾಗಿಲಲ್ಲಿಟ್ಟು "ನಾನು ನಿರ್ಲಾಂಛನ ಮಾಡಲಿಲ್ಲ" ಎಂದು ಹೇಳುವುದು ಮಾತ್ರ ವ್ರತಪಾಲನೆಯಾಗದು.

ಹಾಗಾದರೆ ಮನೆಯಲ್ಲಿ ಮರಿ ಹುಟ್ಟಿಬಿಟ್ಟರೆ ಏನು ಮಾಡಬೇಕು? ನನಗೆ ತಿಳಿದಷ್ಟು ಹೇಳುತ್ತೇನೆ. 8 ವಾರದವರೆಗೆ ತಾಯಿಯಿಂದ ಅಗಲಿಸಬಾರದು. ಪಶುವೈದ್ಯರನ್ನು ಕೇಳಿ ಆರು ವಾರದ ಹೊತ್ತಿಗೆ ಮೊದಲಿನ ಲಸಿಕೆಗಳನ್ನು ಪ್ರಾರಂಭಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಆ ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯನೂ ಬದುಕುವುದು ಇಲ್ಲವೆಂಬಷ್ಟು ವಿರಳ. ಆದ್ದರಿಂದ ಇದು ನಾಯಿಯ ದಯೆಯಷ್ಟೇ ಅಲ್ಲ, ನೆರೆಹೊರೆಯ ಮಕ್ಕಳ ದಯೆಯೂ ಹೌದು. ಕೇಳಿದವರ ಮನೆಗೆ ನಾವೇ ಹೋಗಿ ನೋಡಬೇಕು: ನೆರಳಿದೆಯೇ, ನೀರಿದೆಯೇ, ಮನೆಯ ಹೆಣ್ಣುಮಕ್ಕಳಿಗೆ ಒಪ್ಪಿಗೆಯಿದೆಯೇ, ಬೇಟೆಯ ಹವ್ಯಾಸವಿದೆಯೇ. ಕೊಟ್ಟ ದಿನ, ಕೊಟ್ಟವರ ಹೆಸರು-ಊರು ಬರೆದಿಡಬೇಕು. ಒಂದು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, "ನಿಮಗೆ ಬೇಡವಾದರೆ ಬೀದಿಗೆ ಬಿಡಬೇಡಿರಿ, ನನ್ನ ಮನೆಯ ಬಾಗಿಲು ತೆರೆದಿದೆ" ಎಂದು ಮಾತು ಕೊಡಬೇಕು. ಈ ಮಾತು ಕೊಡಲು ಯಾರಿಗೆ ಸಾಧ್ಯವಿಲ್ಲವೋ ಅವರು ಮರಿ ಹುಟ್ಟಿಸುವ ಗೋಜಿಗೇ ಹೋಗಬಾರದು. ಕೊಳ್ಳುವವರಿಗೂ ಇದೇ ನ್ಯಾಯ. ಮೊಮ್ಮಗನ ಹುಟ್ಟುಹಬ್ಬಕ್ಕೆ ಆಟಿಗೆಯಂತೆ ಮರಿ ತಂದು, ಮೂರು ತಿಂಗಳಲ್ಲಿ ಬೇಸರವಾಗಿ ಪಾಂಜರಪೋಳದ ಗೇಟಿಗೆ ಕಟ್ಟಿ ಬರುವವನು, ಆ ಮರಿಯ ತಾಯಿಯನ್ನು ಪಂಜರದಲ್ಲಿಟ್ಟವನಿಗೆ ಅನುಮೋದನೆ ಕೊಟ್ಟಂತೆಯೇ ಸರಿ.

ಆ ಪೆಟ್ಟಿಗೆಯ ಮೂರು ಮರಿಗಳು ಏನಾದವೆಂದು ತಾವು ಕೇಳಬಹುದು. ಒಂದು ಮೂರನೆಯ ದಿನ ಸತ್ತುಹೋಯಿತು. ಕಾವಲುಗಾರನ ಹೆಂಡತಿ ಹತ್ತಿಯ ಬತ್ತಿಯಿಂದ ಹಾಲುಣಿಸಿ ರಾತ್ರಿಯೆಲ್ಲ ಎದ್ದಿದ್ದರೂ ಉಳಿಯಲಿಲ್ಲ. ಅದರ ಕಿವಿಯಲ್ಲಿ ಆ ತಾಯಿ ಣಮೋಕಾರ ಹೇಳಿದಳೆಂದು ಆಮೇಲೆ ತಿಳಿಯಿತು. ಆಕೆ ನಮ್ಮ ಸಮಾಜದವಳಲ್ಲ, ಬಸದಿಯಲ್ಲಿ ದಿನಾಲು ಕೇಳಿ ಕಲಿತವಳು. ಉಳಿದೆರಡು ಬೆಳೆದವು. ಎರಡೂವರೆ ತಿಂಗಳಾದ ಮೇಲೆ ಒಂದನ್ನು ದ್ರಾಕ್ಷಿ ತೋಟದ ಒಬ್ಬ ರೈತರಿಗೆ ಕೊಟ್ಟೆವು. ಕೊಡುವ ಮುನ್ನ ನಾನೂ ಇನ್ನೊಬ್ಬ ಟ್ರಸ್ಟಿಗಳೂ ಹೋಗಿ ತೋಟ ನೋಡಿ ಬಂದೆವು. "ನಾಯಿ ಕೊಡಲಿಕ್ಕೆ ಇಷ್ಟು ತಪಾಸಣೆಯೇ, ಹೆಣ್ಣು ಕೊಡುವವರ ಹಾಗೆ!" ಎಂದು ಅವರು ನಕ್ಕರು, ಆದರೆ ಚಹಾ ಕುಡಿಸಿ ಕಳಿಸಿದರು. ಇನ್ನೊಂದು ಕಾಲು ಸೊಟ್ಟಾದದ್ದು. ಕೇಳುವವರಿಲ್ಲದೆ ಕಾವಲುಗಾರನ ಹತ್ತಿರವೇ ಉಳಿದಿದೆ. ಉತ್ಸವಕ್ಕೆ ಬಂದವರು ಮಹಾದ್ವಾರದ ಹೊರಗೆ ಬೇವಿನ ಮರದ ಕೆಳಗೆ ಅದನ್ನು ನೋಡಬಹುದು. ಎರಡರ ಹೆಸರಿನಲ್ಲಿಯೂ ನನ್ನ ಖತಾವಣಿಯಲ್ಲಿ ಒಂದೊಂದು ಪುಟ ತೆರೆದಿದ್ದೇನೆ. ಲಾಭ-ಹಾನಿಯ ಅಂಕಣ ಖಾಲಿಯಿದೆ. ಹೋಗಿ ನೋಡಿ ಬಂದ ತಾರೀಖುಗಳಿವೆ. ರಾಣಿಯ ಐದು ಮರಿಗಳ ಪುಟವನ್ನು ಈಗ ತೆರೆದರೂ ಅದರಲ್ಲಿ ಬರೆಯಲು ಎರಡೇ ಸಾಲು.

ಪ್ರತಿ ಉತ್ಸವದಲ್ಲಿ ನಾವು ಯಥಾಶಕ್ತಿ ಒಂದಾದರೂ ನಿಯಮವನ್ನು ಹಿಡಿಯುವ ರೂಢಿಯಿದೆ. ಈ ಸಲ ಇಷ್ಟವಿದ್ದವರು ಇದನ್ನು ಹಿಡಿಯಬಹುದೆಂದು ಸೂಚಿಸುತ್ತೇನೆ: ಹಣಕ್ಕಾಗಿ ನಾಯಿ-ಬೆಕ್ಕುಗಳ ಮರಿ ಮಾಡಿಸುವುದಿಲ್ಲ, ಮಾಡುವವರಿಗೆ ಬಂಡವಾಳ ಕೊಡುವುದಿಲ್ಲ, ಸಲಹೆಯನ್ನೂ ಕೊಡುವುದಿಲ್ಲ, ಯಾರಿಗೂ ಜೀವಂತ ಪ್ರಾಣಿಯನ್ನು ಉಡುಗೊರೆಯಾಗಿ ಕೊಡುವುದಿಲ್ಲ, ನಮ್ಮ ಮನೆಯಲ್ಲಿ ಹುಟ್ಟಿದ ಜೀವದ ಲೆಕ್ಕವನ್ನು ಅದು ಬದುಕಿರುವವರೆಗೆ ಇಡುತ್ತೇವೆ. ಕನ್ನಡ ಓದಲು ಬಾರದ ನಮ್ಮ ಮರಾಠಿ, ಗುಜರಾತಿ ಮನೆಗಳವರಿಗೆ ಈ ಲೇಖನವನ್ನು ಯಾರಾದರೂ ಓದಿ ಹೇಳಿದರೆ ಉಪಕಾರವಾದೀತು. ಆ ತರುಣನೂ ಇದನ್ನು ಓದಲೆಂದು ಆಶಿಸುತ್ತೇನೆ. ಅಂದು ಅವನಿಗೆ ಬಂಡವಾಳ ಕೊಡಲಿಲ್ಲವೆಂಬ ಸಿಟ್ಟು ಅವನಿಗಿರಬಹುದು; ಬೇರೆ ಯಾವುದಾದರೂ ವ್ಯಾಪಾರಕ್ಕೆ ಬಂದರೆ ನನ್ನ ಅಂಗಡಿಯ ಬಾಗಿಲು ಅವನಿಗೂ ತೆರೆದಿದೆ.

ನನ್ನ ಮಾತಿನಲ್ಲಿ ಆಗಮಕ್ಕೆ ವಿರುದ್ಧವಾದದ್ದೇನಾದರೂ ಬಂದಿದ್ದರೆ ಪೂಜ್ಯ ತ್ಯಾಗಿಗಳೂ ಪಂಡಿತರೂ ತಿದ್ದಬೇಕು. ಯಾರ ಮನಸ್ಸಿಗಾದರೂ ನೋವಾಗಿದ್ದರೆ ಮನ-ವಚನ-ಕಾಯದಿಂದ ಕ್ಷಮೆ ಬೇಡುತ್ತೇನೆ. ಮಾತು ಬಾರದ ಆ ಐದು ಜೀವಗಳಲ್ಲಿಯೂ ಅದೇ ಕ್ಷಮೆಯನ್ನು ಬೇಡುತ್ತೇನೆ.

ಜಯ ಜಿನೇಂದ್ರ.